ರದ್ದಾದ ಚುನಾವಣೆ: ರೊಮೇನಿಯಾದ ಮತದಾರ ಒಂದು ವರ್ಷದಲ್ಲಿ ಹೇಳಿದ್ದೇನು?

2024ರ ಡಿಸೆಂಬರ್ 6, ಶುಕ್ರವಾರ. ರೊಮೇನಿಯಾದ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತಿಗೆ ವಿದೇಶಗಳಲ್ಲಿರುವ ರೊಮೇನಿಯನ್ನರು ಆಗಲೇ ಮತ ಹಾಕತೊಡಗಿದ್ದರು. ದೇಶದೊಳಗಿನ ಮತದಾನಕ್ಕೆ ಎರಡೇ ದಿನ ಬಾಕಿ. ಅಂಥ ಹೊತ್ತಿನಲ್ಲಿ ರಾಜಧಾನಿ ಬುಕಾರೆಸ್ಟ್‌ನ ಸಾಂವಿಧಾನಿಕ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಇಡೀ ಚುನಾವಣೆಯನ್ನೇ ರದ್ದು ಮಾಡಿದರು. ಎರಡನೆಯ ಸುತ್ತನ್ನು ಮುಂದೂಡಿದ್ದಲ್ಲ, ಮೊದಲ ಸುತ್ತಿನ ಮರುಎಣಿಕೆಗೆ ಹೇಳಿದ್ದೂ ಅಲ್ಲ. ಅಭ್ಯರ್ಥಿಗಳ ನೋಂದಣಿಯಿಂದ ಹಿಡಿದು ಎಲ್ಲವೂ ಮತ್ತೆ ಹೊಸದಾಗಿ ನಡೆಯಬೇಕು ಎಂದು ತೀರ್ಪು. ಮರುಎಣಿಕೆ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಇದೇ ನ್ಯಾಯಾಲಯ ಅದನ್ನು ನೋಡಿ, ಡಿಸೆಂಬರ್ 2ರಂದು, ಅಂದರೆ ಕೇವಲ ನಾಲ್ಕು ದಿನಗಳ ಹಿಂದೆ, ಮೊದಲ ಸುತ್ತಿನ ಫಲಿತಾಂಶ ಸರಿಯಾಗಿದೆ ಎಂದು ಮುದ್ರೆ ಒತ್ತಿತ್ತು.

ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವೊಂದರಲ್ಲಿ ಹೀಗೆ ರಾಷ್ಟ್ರಮಟ್ಟದ ಚುನಾವಣೆಯನ್ನು, ಮತ ಎಣಿಸಿದ ಮೇಲೆ, ಹೊರಗಿನವರ ಪ್ರಭಾವದ ಕಾರಣ ಮುಂದೊಡ್ಡಿ ಅಳಿಸಿದ್ದು ಅಸಾಮಾನ್ಯ ಘಟನೆ. ಇದರ ಬಗ್ಗೆ ಎರಡು ಸಿದ್ಧ ವಿವರಣೆಗಳು ಚಲಾವಣೆಯಲ್ಲಿವೆ. ರಷ್ಯಾ ಟಿಕ್‌ಟಾಕ್ ಮೂಲಕ ಒಬ್ಬ ಅನಾಮಿಕನನ್ನು ಗೆಲ್ಲಿಸಹೊರಟಿತ್ತು, ನ್ಯಾಯಾಲಯ ಪ್ರಜಾಪ್ರಭುತ್ವವನ್ನು ಉಳಿಸಿತು ಎನ್ನುವುದು ಒಂದು. ಜನ ತಮಗೆ ಬೇಡದವನನ್ನು ಆರಿಸಿದರೆಂದು ಅಧಿಕಾರಸ್ಥರು ಚುನಾವಣೆಯನ್ನೇ ಕದ್ದರು ಎನ್ನುವುದು ಇನ್ನೊಂದು. ಒಂದು ವರ್ಷದ ಮತಗಳ ಲೆಕ್ಕವನ್ನು ಸಾಲಾಗಿ ಇಟ್ಟು ನೋಡಿದರೆ ಎರಡೂ ವಿವರಣೆಗಳು ಸೊರಗುತ್ತವೆ. ಈ ಬರಹದ ಉದ್ದೇಶ ಆ ಲೆಕ್ಕವನ್ನು ಇಟ್ಟು ನೋಡುವುದು.

ನವೆಂಬರ್ 24ರ ರಾತ್ರಿ

ರೊಮೇನಿಯಾದಲ್ಲಿ ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದಿದ್ದರೆ ಮೊದಲಿಬ್ಬರ ನಡುವೆ ಎರಡನೆಯ ಸುತ್ತು. ವಿದೇಶಾಂಗ ನೀತಿ, ರಕ್ಷಣೆ, ಪ್ರಧಾನಿಯನ್ನು ಸೂಚಿಸುವ ಅಧಿಕಾರ ಅಧ್ಯಕ್ಷನ ಕೈಯಲ್ಲಿದೆ. ನಮ್ಮ ರಾಷ್ಟ್ರಪತಿ ಹುದ್ದೆಯಂತೆ ಅಲಂಕಾರದ್ದಲ್ಲ, ಫ್ರಾನ್ಸಿನದರಷ್ಟು ಬಲವಾದದ್ದೂ ಅಲ್ಲ. ಉಕ್ರೇನ್ ಜೊತೆ ಉದ್ದದ ಗಡಿಯಿರುವ, ನ್ಯಾಟೊ ಸದಸ್ಯನಾದ ದೇಶದಲ್ಲಿ ಈ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದು 2024ರಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಪ್ರಧಾನಿಯಾಗಿದ್ದ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಮಾರ್ಸೆಲ್ ಚೊಲಾಕು ಎರಡನೆಯ ಸುತ್ತಿಗೆ ಹೋಗುವುದು ಖಚಿತ ಎಂದು ಎಲ್ಲರೂ ಭಾವಿಸಿದ್ದರು. ಅವರೆದುರು ಉಗ್ರ ರಾಷ್ಟ್ರವಾದಿ ಪಕ್ಷ ಎಯುಆರ್‌ನ ಜಾರ್ಜ್ ಸಿಮಿಯೋನ್ ನಿಲ್ಲುತ್ತಾರೋ, ಸುಧಾರಣಾವಾದಿ ಯುಎಸ್‌ಆರ್ ಪಕ್ಷದ ಎಲೆನಾ ಲಾಸ್ಕೋನಿ ನಿಲ್ಲುತ್ತಾರೋ ಎನ್ನುವುದಷ್ಟೇ ಚರ್ಚೆ. ಮತಗಟ್ಟೆ ಸಮೀಕ್ಷೆಯೂ ಚೊಲಾಕು ಮೊದಲ ಸ್ಥಾನದಲ್ಲಿದ್ದಾರೆ ಎಂದೇ ಹೇಳಿತು. ರಾತ್ರಿ ಎಣಿಕೆ ಮುಂದುವರಿದಂತೆ ಮೇಲೆ ಬಂದದ್ದು ಪಕ್ಷವಿಲ್ಲದ ಕಾಲಿನ್ ಜಾರ್ಜೆಸ್ಕು: ಶೇ 22.94. ಲಾಸ್ಕೋನಿಗೆ ಶೇ 19.18, ಚೊಲಾಕುಗೆ ಶೇ 19.15. ಲಾಸ್ಕೋನಿ ಮತ್ತು ಚೊಲಾಕು ನಡುವಿನ ಅಂತರ ಮೂರು ಸಾವಿರ ಮತಗಳಿಗೂ ಕಡಿಮೆ. ಸಿಮಿಯೋನ್ ಶೇ 13.86 ಪಡೆದು ನಾಲ್ಕನೆಯವರಾದರು. ಸೋಶಿಯಲ್ ಡೆಮಾಕ್ರಟರ ಅಭ್ಯರ್ಥಿ ಎರಡನೆಯ ಸುತ್ತಿಗೆ ಬಾರದ ಅಧ್ಯಕ್ಷ ಚುನಾವಣೆ 2000ದಿಂದೀಚೆಗೆ ಅದುವರೆಗೆ ನಡೆದಿರಲಿಲ್ಲ.

ಜಾರ್ಜೆಸ್ಕು ಮಣ್ಣಿನ ವಿಜ್ಞಾನ ಓದಿದವರು, ಸುಸ್ಥಿರ ಅಭಿವೃದ್ಧಿಯ ವಿಷಯದಲ್ಲಿ ಸರಕಾರಿ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ದುಡಿದವರು. ಎರಡನೆಯ ಮಹಾಯುದ್ಧದ ಕಾಲದ ಸರ್ವಾಧಿಕಾರಿ ಇಯೋನ್ ಆಂಟೊನೆಸ್ಕುವನ್ನೂ ಫ್ಯಾಸಿಸ್ಟ್ ನಾಯಕ ಕೊದ್ರೆಯಾನುವನ್ನೂ ಹೊಗಳಿ ಮಾತಾಡಿದ್ದರಿಂದ ಎಯುಆರ್ ಪಕ್ಷಕ್ಕೇ ಒಮ್ಮೆ ಮುಜುಗರವಾಗಿತ್ತು. ಟಿವಿ ಚರ್ಚೆಗಳಲ್ಲಿ ಅವರು ಹೆಚ್ಚು ಕಾಣಿಸಿಕೊಂಡವರಲ್ಲ. ಕುದುರೆ ಸವಾರಿ, ಜೂಡೋ, ಚರ್ಚು, ಭೂಮಿ, ಪೂರ್ವಜರು, ನಿಧಾನ ದನಿಯಲ್ಲಿ ದೇವರು ಮತ್ತು ದೇಶ: ಇವು ಅವರ ಸಣ್ಣ ವಿಡಿಯೋಗಳ ಸಾಮಗ್ರಿ. ಚುನಾವಣಾ ವೆಚ್ಚದ ಲೆಕ್ಕದಲ್ಲಿ ಅವರು ತೋರಿಸಿದ್ದು ಸೊನ್ನೆ. ಆ ಸೊನ್ನೆಯನ್ನು ಆ ಹೊತ್ತಿಗೆ ಯಾವ ಅಧಿಕಾರಿಯೂ ಗಂಭೀರವಾಗಿ ಪ್ರಶ್ನಿಸಲಿಲ್ಲ ಎನ್ನುವುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

ರಹಸ್ಯ ಕಡತಗಳು ಏನು ಹೇಳಿದವು

ಡಿಸೆಂಬರ್ 4ರಂದು ಅಧ್ಯಕ್ಷ ಕ್ಲೌಸ್ ಯೊಹಾನಿಸ್ ಗುಪ್ತಚರ ಸಂಸ್ಥೆಗಳ ವರದಿಗಳನ್ನು ಬಹಿರಂಗಪಡಿಸಿದರು. ಮತದಾನಕ್ಕೆ ಎರಡು ವಾರ ಮೊದಲು ಸುಮಾರು 25,000 ಟಿಕ್‌ಟಾಕ್ ಖಾತೆಗಳು ಒಮ್ಮೆಲೇ ಚುರುಕಾಗಿದ್ದವು. ಅವುಗಳಲ್ಲಿ ಕೆಲವು ನೂರು 2016ರಲ್ಲೇ ತೆರೆದು ಬಹುಮಟ್ಟಿಗೆ ಸುಮ್ಮನಿದ್ದ ಖಾತೆಗಳು. ಒಬ್ಬ ಬಳಕೆದಾರ ಜನಪ್ರಿಯ ವಿಡಿಯೋ ತಯಾರಕರಿಗೆ ಒಂದು ತಿಂಗಳಲ್ಲಿ 3,81,000 ಡಾಲರ್ ಹಂಚಿದ್ದ. ಚುನಾವಣಾ ಕಂಪ್ಯೂಟರ್ ವ್ಯವಸ್ಥೆಯ ಮೇಲೆ 85,000ಕ್ಕೂ ಹೆಚ್ಚು ಸೈಬರ್ ದಾಳಿಯ ಯತ್ನಗಳಾಗಿದ್ದವು. ಇದೆಲ್ಲದರ ಹಿಂದೆ ಒಂದು ದೇಶದ ಮಟ್ಟದ ಶಕ್ತಿಯಿದೆ, ಅದರ ರೀತಿ ರಷ್ಯಾದ ರೀತಿಯನ್ನು ಹೋಲುತ್ತದೆ ಎನ್ನುವುದು ಕಡತಗಳ ಧಾಟಿ. ಮಾಸ್ಕೋ ಆರೋಪವನ್ನು ತಳ್ಳಿಹಾಕಿತು.

ಕಡತಗಳಲ್ಲಿ ಇರದೇ ಇದ್ದದ್ದೂ ಅಷ್ಟೇ ಮುಖ್ಯ. ಒಂದು ಮತ ಬದಲಾಯಿತು, ಒಂದು ಪೆಟ್ಟಿಗೆ ತುಂಬಿಸಲಾಯಿತು ಎಂದು ಯಾರೂ ಹೇಳಲಿಲ್ಲ. ಎಣಿಕೆ ಸರಿಯಾಗಿತ್ತು, ಆಕ್ಷೇಪ ಇದ್ದದ್ದು ಮತದಾರನ ಮನಸ್ಸು ರೂಪುಗೊಂಡ ಬಗೆಯ ಮೇಲೆ. ಹಾಗಾಗಿ ನ್ಯಾಯಾಲಯ ಎರಡು ಆಧಾರಗಳನ್ನು ಹಿಡಿದುಕೊಂಡಿತು: ಡಿಜಿಟಲ್ ಪ್ರಚಾರದಲ್ಲಿ ಒಬ್ಬ ಅಭ್ಯರ್ಥಿಗೆ ಅನುಚಿತ ಮೇಲುಗೈ ಸಿಕ್ಕಿತು, ಮತ್ತು ಪ್ರಚಾರದ ಹಣದ ಮೂಲ ಮುಚ್ಚಿಡಲಾಯಿತು. ಎರಡನೆಯ ಆಧಾರ ನನಗೆ ಗಟ್ಟಿಯಾಗಿ ಕಾಣುತ್ತದೆ. ಸೊನ್ನೆ ವೆಚ್ಚದಲ್ಲಿ 21 ಲಕ್ಷ ಮತ ಎನ್ನುವುದನ್ನು ಯಾವ ಚುನಾವಣಾ ಕಾನೂನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಮೊದಲನೆಯದು ಜಾರುನೆಲ. ಎಷ್ಟು ವಿಡಿಯೋ ನೋಡಿದರೆ ಒಬ್ಬನ ಮತ ಅವನದಲ್ಲವಾಗುತ್ತದೆ ಎಂದು ಅಳೆಯುವ ಮಾನದಂಡ ಯಾವ ನ್ಯಾಯಾಲಯದ ಬಳಿಯೂ ಇಲ್ಲ.

ವಿಧಾನದಲ್ಲೂ ತೊಡಕಿತ್ತು. ನ್ಯಾಯಾಲಯ ಯಾರ ಅರ್ಜಿಗೂ ಕಾಯದೆ, ಅಧ್ಯಕ್ಷ ಚುನಾವಣೆಯ ಕ್ರಮಬದ್ಧತೆಯನ್ನು ನೋಡಿಕೊಳ್ಳಲು ಸಂವಿಧಾನದ 146ನೇ ವಿಧಿ ಕೊಟ್ಟ ಅಧಿಕಾರವನ್ನು ತಾನಾಗಿಯೇ ಬಳಸಿತು. ಜಾರ್ಜೆಸ್ಕುಗೆ ಉತ್ತರ ಕೊಡುವ ಅವಕಾಶ ಸಿಗಲಿಲ್ಲ. ಅವರೆದುರು ಎರಡನೆಯ ಸುತ್ತಿನಲ್ಲಿ ನಿಲ್ಲಬೇಕಿದ್ದ ಲಾಸ್ಕೋನಿಯೇ ಈ ತೀರ್ಪು ಕಾನೂನಿಗೆ ವಿರುದ್ಧ ಎಂದು ಖಂಡಿಸಿದರು. ಮೂರನೆಯವರಾಗಿ ಹೊರಬಿದ್ದಿದ್ದ ಪ್ರಧಾನಿ ಚೊಲಾಕು ಮಾತ್ರ ಸರಿಯಾದ ತೀರ್ಪು ಇದೊಂದೇ ಎಂದರು. ಸಾಮಾನ್ಯ ಮತದಾರನಿಗೆ ಅನುಮಾನ ಬರಲು ಇಷ್ಟು ಸಾಕು. ಕೌನ್ಸಿಲ್ ಆಫ್ ಯುರೋಪ್‌ನ ಕಾನೂನು ಸಲಹಾ ಸಂಸ್ಥೆಯಾದ ವೆನಿಸ್ ಆಯೋಗ 2025ರ ಜನವರಿಯಲ್ಲಿ ಕೊಟ್ಟ ವರದಿ ತೀರ್ಪಿನ ಸರಿತಪ್ಪನ್ನು ನೇರವಾಗಿ ಹೇಳಲಿಲ್ಲ. ಆದರೆ ಗುಪ್ತಚರ ಮಾಹಿತಿಯೊಂದನ್ನೇ ನಂಬಿ ಚುನಾವಣೆ ರದ್ದು ಮಾಡಬಾರದು, ಕಾರಣಗಳು ಜನರ ಎದುರು ಪಾರದರ್ಶಕವಾಗಿರಬೇಕು ಎಂದಿತು. ಸಭ್ಯ ಭಾಷೆಯ ಛೀಮಾರಿ ಅಂದರೆ ಹೀಗೇ ಇರುತ್ತದೆ.

ಭಾರತದ ಓದುಗರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯುತ್ತದೆ. ನಮ್ಮ ಸಂವಿಧಾನದ 329ನೇ ವಿಧಿಯ ಪ್ರಕಾರ ಚುನಾವಣೆಯನ್ನು ಪ್ರಶ್ನಿಸಬೇಕಾದರೆ ಫಲಿತಾಂಶ ಬಂದ ಮೇಲೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ನಡುವೆ ನ್ಯಾಯಾಲಯ ಕೈ ಹಾಕುವಂತಿಲ್ಲ. ಮತದಾನಕ್ಕೆ ಮೊದಲೇ ಅಕ್ರಮ ಕಂಡರೆ ಮುಂದೂಡುವ ಅಧಿಕಾರ ಚುನಾವಣಾ ಆಯೋಗಕ್ಕಿದೆ. 2018ರಲ್ಲಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಒಂದು ಫ್ಲ್ಯಾಟಿನಲ್ಲಿ ಸಾವಿರಾರು ಮತದಾರರ ಗುರುತಿನ ಚೀಟಿಗಳು ಸಿಕ್ಕಾಗ ಮೇ 12ರ ಮತದಾನವನ್ನು ಮೇ 28ಕ್ಕೆ ತಳ್ಳಿದ್ದು ನೆನಪಿರಬಹುದು. ಅಲ್ಲಿ ಯಾರ ಮತವೂ ಇನ್ನೂ ಬಿದ್ದಿರಲಿಲ್ಲ, ಹಾಗಾಗಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ರೊಮೇನಿಯಾದ ವ್ಯವಸ್ಥೆ ನವೆಂಬರ್ 24ಕ್ಕೆ ಮೊದಲು ಎಚ್ಚೆತ್ತಿದ್ದರೆ ಇದೇ ದಾರಿ ಅವರಿಗೂ ಇತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಪ್ರಕರಣಕ್ಕೆ ಇನ್ನೊಂದು ತಿರುವು ಡಿಸೆಂಬರ್ ಮುಗಿಯುವ ಮೊದಲೇ ಬಂತು. ತೆರಿಗೆ ಇಲಾಖೆಯ ತನಿಖೆಯನ್ನು ಆಧರಿಸಿ ಅಲ್ಲಿನ ತನಿಖಾ ಪತ್ರಕರ್ತರು ಒಂದು ಸಂಗತಿ ಹೊರತಂದರು: ಜಾರ್ಜೆಸ್ಕುಗೆ ಲಾಭವಾದ ಟಿಕ್‌ಟಾಕ್ ಪ್ರಚಾರಗಳಲ್ಲಿ ಒಂದಕ್ಕೆ ಹಣ ಹೋಗಿದ್ದು ಆಡಳಿತದ ಪಾಲುದಾರನಾದ ನ್ಯಾಷನಲ್ ಲಿಬರಲ್ ಪಕ್ಷದಿಂದ. ತಮ್ಮ ಪ್ರಚಾರವನ್ನು ಬೇರೆಯವರು ತಿರುಚಿದರು ಎಂದು ಪಕ್ಷ ಸಮಜಾಯಿಷಿ ಕೊಟ್ಟಿತು. ಇರಬಹುದು. ಆದರೆ ರಷ್ಯಾದ ಕೈವಾಡಕ್ಕೆ ಸಾಕ್ಷಿ ಕೇಳುತ್ತಿದ್ದವರಿಗೆ ಮೊದಲು ಸಿಕ್ಕ ರಸೀದಿ ದೇಶದ ಆಡಳಿತ ಪಕ್ಷದ್ದಾಗಿತ್ತು.

ಲೆಕ್ಕ

ಈಗ ಮತಗಳ ಸಾಲಿಗೆ ಬರೋಣ. ರೊಮೇನಿಯಾದಲ್ಲಿ ಬ್ರಸೆಲ್ಸ್ (ಅಂದರೆ ಯುರೋಪಿಯನ್ ಒಕ್ಕೂಟದ ಆಡಳಿತ) ವಿರೋಧ, ಧರ್ಮ, ರಾಷ್ಟ್ರದ ಹೆಸರಿನಲ್ಲಿ ರಾಜಕೀಯ ಮಾಡುವವರು ತಮ್ಮನ್ನು ಸಾರ್ವಭೌಮವಾದಿಗಳೆಂದು ಕರೆದುಕೊಳ್ಳುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಯನ್ನು ಬಿಡಿಬಿಡಿಯಾಗಿ ನೋಡದೆ ಈ ಗುಂಪನ್ನು ಒಟ್ಟಾಗಿ ನೋಡಿದರೆ ಚಿತ್ರ ಬದಲಾಗುತ್ತದೆ.

2024ರ ಜೂನ್‌ನ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಎಯುಆರ್ ಮೈತ್ರಿ ಮತ್ತು ಎಸ್ಒಎಸ್ ರೊಮೇನಿಯಾ ಪಕ್ಷಕ್ಕೆ ಸೇರಿ ಬಂದದ್ದು ಸುಮಾರು ಶೇ 20. ನವೆಂಬರ್ 24ರಂದು ಜಾರ್ಜೆಸ್ಕು ಮತ್ತು ಸಿಮಿಯೋನ್ ಇಬ್ಬರ ಮತ ಕೂಡಿದರೆ ಶೇ 36.8. ಒಂದೇ ವಾರದ ನಂತರ, ಡಿಸೆಂಬರ್ 1ರ ಸಂಸತ್ ಚುನಾವಣೆಯಲ್ಲಿ ಎಯುಆರ್, ಎಸ್ಒಎಸ್ ಮತ್ತು ಹೊಸ ಪಿಒಟಿ ಪಕ್ಷ ಸೇರಿ ಸುಮಾರು ಶೇ 32. ಆ ಚುನಾವಣೆಯನ್ನು ಯಾರೂ ರದ್ದು ಮಾಡಲಿಲ್ಲ. ಅದೇ ಸಂಸತ್ತು ಇಂದಿಗೂ ಕೂತಿದೆ. 2025ರ ಮೇ 4ರಂದು ಮರುಚುನಾವಣೆಯ ಮೊದಲ ಸುತ್ತಿನಲ್ಲಿ ಸಿಮಿಯೋನ್ ಒಬ್ಬರೇ ಶೇ 40.96 ಪಡೆದರು. ಮೇ 18ರ ಎರಡನೆಯ ಸುತ್ತಿನಲ್ಲಿ ಶೇ 46.4.

ಅಂದರೆ, 'ರದ್ದತಿಯಿಂದ ಕೆರಳಿದ ಜನ ಮತವನ್ನು ದುಪ್ಪಟ್ಟು ಮಾಡಿದರು' ಎಂಬ ಮೇ ತಿಂಗಳ ಶೀರ್ಷಿಕೆಗಳು ಅರ್ಧಸತ್ಯ. ಇಬ್ಬರಲ್ಲಿ ಹಂಚಿದ್ದ ಮತ ಒಬ್ಬನ ಬುಟ್ಟಿಗೆ ಬಿತ್ತು, ಮೇಲೆ ನಾಲ್ಕು ಪ್ರತಿಶತ ಸೇರಿತು. ರದ್ದತಿಯ ಸಿಟ್ಟು ಇತ್ತು, ಅದು ಕೊಟ್ಟದ್ದು ಅಷ್ಟೇ. ಇದೇ ಲೆಕ್ಕ ಎದುರು ಪಾಳಯದ ನಂಬಿಕೆಯನ್ನೂ ಕೆಡವುತ್ತದೆ. ಜಾರ್ಜೆಸ್ಕುವಿನ ಮತ ನಕಲಿ ಖಾತೆಗಳ ಸೃಷ್ಟಿಯೇ ಆಗಿದ್ದರೆ, ಟಿಕ್‌ಟಾಕ್ ಮೇಲೆ ಯುರೋಪಿಯನ್ ಕಮಿಷನ್ ಡಿಸೆಂಬರ್ 17ರಂದು ವಿಧ್ಯುಕ್ತ ತನಿಖೆ ಶುರು ಮಾಡಿ, ಎಲ್ಲರ ಕಣ್ಣು ಅದರ ಮೇಲೆ ನೆಟ್ಟಿದ್ದ ಮೇ ತಿಂಗಳಲ್ಲಿ ಆ ಮತ ಕರಗಬೇಕಿತ್ತು. ಕರಗಲಿಲ್ಲ. ಟಿಕ್‌ಟಾಕ್ ಮಾಡಿದ್ದು ಸಿಮಿಯೋನ್‌ಗೆ ಹೋಗಬಹುದಾಗಿದ್ದ ಮತಗಳನ್ನೂ ಇನ್ನೂ ಯಾರಿಗೆ ಎಂದು ನಿರ್ಧರಿಸದ ಮತಗಳನ್ನೂ ಹೊಸ ಮುಖದತ್ತ ತಿರುಗಿಸಿದ್ದು. ಮತ ಹಾಕಲು ಕಾರಣ ಬೇರೆಯೇ ಇತ್ತು.

ಆ ಕಾರಣಗಳಿಗೆ ಗುಪ್ತಚರ ಇಲಾಖೆ ಬೇಕಿಲ್ಲ. ಎಡಪಂಥದ ಸೋಶಿಯಲ್ ಡೆಮಾಕ್ರಟರೂ ಬಲಪಂಥದ ಲಿಬರಲ್ಲರೂ 2021ರಿಂದ ಒಟ್ಟಿಗೆ ಸರಕಾರ ನಡೆಸುತ್ತಿದ್ದರು. ದಶಕಗಳ ಕಾಲ ಪರಸ್ಪರ ಬೈದುಕೊಂಡು ಮತ ಕೇಳಿದವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ, ಸರಕಾರದ ಮೇಲೆ ಸಿಟ್ಟಿರುವವನಿಗೆ ಹೋಗಲು ಉಳಿದ ಮನೆ ಅಂಚಿನದ್ದೇ. ಹಣದುಬ್ಬರ ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿತ್ತು. 2024ರ ಬಜೆಟ್ ಕೊರತೆ ಜಿಡಿಪಿಯ ಶೇ 9ನ್ನು ದಾಟಿ ಒಕ್ಕೂಟದಲ್ಲೇ ಮೊದಲ ಸ್ಥಾನ ಪಡೆಯಿತು. ಆ ದುಡ್ಡೆಲ್ಲ ಎಲ್ಲಿ ಹೋಯಿತು ಎಂದು ರಸ್ತೆ, ಆಸ್ಪತ್ರೆ ನೋಡಿದವನಿಗೆ ತಿಳಿಯುತ್ತಿರಲಿಲ್ಲ.

ವಲಸಿಗರ ಮತವನ್ನಂತೂ ಬೇರೆಯಾಗಿಯೇ ನೋಡಬೇಕು. 2007ರಲ್ಲಿ ಒಕ್ಕೂಟ ಸೇರಿದ ಮೇಲೆ ಲಕ್ಷಾಂತರ ರೊಮೇನಿಯನ್ನರು ಇಟಲಿ, ಸ್ಪೇನ್, ಜರ್ಮನಿ, ಬ್ರಿಟನ್‌ಗಳಲ್ಲಿ ಕಟ್ಟಡ ಕೆಲಸ, ತೋಟದ ಕೆಲಸ, ವೃದ್ಧರ ಆರೈಕೆ, ಲಾರಿ ಓಡಿಸುವುದು ಹೀಗೆ ಬದುಕು ಕಟ್ಟಿಕೊಂಡರು. 2014ರಲ್ಲಿ ಯೊಹಾನಿಸ್ ಗೆಲುವಿಗೆ ಗಂಟೆಗಟ್ಟಲೆ ರಾಯಭಾರ ಕಚೇರಿಗಳ ಮುಂದೆ ಸಾಲು ನಿಂತವರು ಇದೇ ಜನ. ಆಗ ಅವರನ್ನು ಯುರೋಪಿನ ಪರ ಇರುವ ಪ್ರಬುದ್ಧ ಮತದಾರರೆಂದು ಬುಕಾರೆಸ್ಟ್ ಹೊಗಳಿತ್ತು. 2024ರ ನವೆಂಬರ್‌ನಲ್ಲಿ ವಿದೇಶಗಳಲ್ಲಿ ಬಿದ್ದ ಮತಗಳಲ್ಲಿ ಶೇ 43ರಷ್ಟು ಜಾರ್ಜೆಸ್ಕುಗೆ ಹೋದವು. ಮೇ 4ರಂದು ಶೇ 60ಕ್ಕೂ ಹೆಚ್ಚು ಸಿಮಿಯೋನ್‌ಗೆ. ಹತ್ತು ವರ್ಷಗಳಲ್ಲಿ ಇವರು ಬದಲಾದದ್ದಕ್ಕಿಂತ, ರೊಮೇನಿಯಾ ತಾವು ಮರಳಿ ಬರಬಹುದಾದ ದೇಶವಾಗಲೇ ಇಲ್ಲ ಎನ್ನುವ ಕಹಿ ಹೆಚ್ಚು. ಯೊಹಾನಿಸ್ ಎರಡನೆಯ ಅವಧಿಯಲ್ಲಿ ಜನರೊಂದಿಗೆ ಮಾತು ಬಿಟ್ಟವರಂತೆ ಇದ್ದರು. ಮೌನವೇ ಅವರ ಶೈಲಿ ಎಂದು ಬೆಂಬಲಿಗರು ಹೇಳುತ್ತಿದ್ದರು. ಬೆಂಬಲಿಗರೂ ಕೊನೆಗೆ ಸುಮ್ಮನಾದರು.

ಐದು ತಿಂಗಳ ನಡುಗಾಲ

ರದ್ದತಿಯ ನಂತರ ಯೊಹಾನಿಸ್ ತಮ್ಮ ಅವಧಿ ಮುಗಿದ ಮೇಲೂ ಹುದ್ದೆಯಲ್ಲಿ ಮುಂದುವರಿದರು. ಸಂಸತ್ತಿನಲ್ಲಿ ಪದಚ್ಯುತಿಯ ಸಿದ್ಧತೆ ನಡೆದಾಗ ಫೆಬ್ರವರಿ 10ರಂದು ರಾಜೀನಾಮೆ ಘೋಷಿಸಿದರು. ಸೆನೆಟ್ ಅಧ್ಯಕ್ಷ ಇಲಿಯೆ ಬೊಲೊಜಾನ್ ಹಂಗಾಮಿ ಅಧ್ಯಕ್ಷರಾದರು. ನಾಲ್ಕೇ ದಿನಗಳಲ್ಲಿ ಮ್ಯೂನಿಕ್ ಭದ್ರತಾ ಸಮ್ಮೇಳನದಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವಾನ್ಸ್ ರೊಮೇನಿಯಾದ ಹೆಸರೆತ್ತಿದರು: ಹೊರದೇಶದ ಕೆಲವು ಲಕ್ಷ ಡಾಲರ್‌ಗಳ ಜಾಹೀರಾತಿಗೆ ಕುಸಿಯುವ ಪ್ರಜಾಪ್ರಭುತ್ವ ಮೊದಲಿನಿಂದಲೂ ಗಟ್ಟಿಯಾಗಿರಲಿಲ್ಲ ಎಂಬರ್ಥದ ಮಾತು. ಕೊಂಕು ಅವರದಾದರೂ ಪ್ರಶ್ನೆ ನಿಜವಾದದ್ದು. ಬುಕಾರೆಸ್ಟ್ ಕೊಡಬೇಕಿದ್ದ ಉತ್ತರವೆಂದರೆ ದಾಖಲೆ. ಅದು ಬರಲಿಲ್ಲ, ತನಿಖೆ ನಡೆಯುತ್ತಿದೆ ಎಂಬ ಮಾತು ಮಾತ್ರ ಬಂತು.

ಫೆಬ್ರವರಿ 26ರಂದು ಮರುಸ್ಪರ್ಧೆಗೆ ಹೆಸರು ನೋಂದಾಯಿಸಲು ಹೊರಟಿದ್ದ ಜಾರ್ಜೆಸ್ಕುವನ್ನು ಪೊಲೀಸರು ರಸ್ತೆಯಲ್ಲೇ ತಡೆದು ವಿಚಾರಣೆಗೆ ಕರೆದೊಯ್ದರು. ಮಾರ್ಚ್ 9ರಂದು ಚುನಾವಣಾ ಮಂಡಳಿ ಅವರ ನಾಮಪತ್ರ ತಿರಸ್ಕರಿಸಿತು, 11ರಂದು ಸಾಂವಿಧಾನಿಕ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಿಮಿಯೋನ್ ಆ ಜಾಗಕ್ಕೆ ಬಂದು, ತಾನು ಗೆದ್ದರೆ ಜಾರ್ಜೆಸ್ಕು ಅಧಿಕಾರಕ್ಕೆ ಬರುತ್ತಾರೆ ಎಂದು ಪ್ರಚಾರ ಮಾಡಿದರು. ಮೇ 4ರಂದು ಇಬ್ಬರೂ ಜೊತೆಯಾಗಿ ಮತಗಟ್ಟೆಗೆ ಬಂದರು. ಆಡಳಿತ ಮೈತ್ರಿಯ ಅಭ್ಯರ್ಥಿ ಕ್ರಿನ್ ಆಂಟೊನೆಸ್ಕು ಶೇ 20.07 ಪಡೆದು ಮೂರನೆಯವರಾದರು. ಎರಡನೆಯ ಸ್ಥಾನ ಬುಕಾರೆಸ್ಟ್ ಮೇಯರ್ ನಿಕುಶೋರ್ ಡಾನ್ ಪಾಲಾಯಿತು: ಶೇ 20.99. ಮರುದಿನವೇ ಚೊಲಾಕು ಪ್ರಧಾನಿ ಹುದ್ದೆ ಬಿಟ್ಟರು. ಹಳೆಯ ಎರಡು ಪಕ್ಷಗಳು ಒಂದೇ ಚುನಾವಣೆಯನ್ನು ಎರಡು ಸಲ ಸೋತವು.

ಹದಿನಾಲ್ಕು ದಿನ

ಸುಮಾರು 41 ಮತ್ತು 21. ಈ ಅಂತರ ತುಂಬಿಸಬಹುದೆಂದು ನಂಬಿದವರು ಕಡಿಮೆ. ಡಾನ್ ಮಾತಿನ ಮಲ್ಲರಲ್ಲ. 1987 ಮತ್ತು 1988ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗಳಲ್ಲಿ ಪೂರ್ಣ ಅಂಕದೊಂದಿಗೆ ಚಿನ್ನ ಗೆದ್ದವರು, ಫ್ರಾನ್ಸಿನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು, ಬುಕಾರೆಸ್ಟ್‌ನಲ್ಲಿ ಅಕ್ರಮ ಕಟ್ಟಡಗಳ ವಿರುದ್ಧ ಕೋರ್ಟು ಅಲೆದು ಹೆಸರು ಮಾಡಿದವರು. ವೇದಿಕೆಯಲ್ಲಿ ವಾಕ್ಯ ಹುಡುಕುತ್ತ ನಿಲ್ಲುವ ಮನುಷ್ಯ. ವ್ಯವಸ್ಥೆಯ ಮೇಲೆ ಸಿಟ್ಟಿದ್ದವರಿಗೂ ಇವರನ್ನು ವ್ಯವಸ್ಥೆಯ ಮನುಷ್ಯ ಎಂದು ಬೈಯುವುದು ಕಷ್ಟವಾಯಿತು. ಪಕ್ಷವಿಲ್ಲದೆ ನಿಂತದ್ದು ಈ ಸಲ ಇನ್ನೊಂದು ಪಾಳಯಕ್ಕೆ ಅನುಕೂಲವಾಯಿತು.

ಮೇ 6ರಂದು ರೊಮೇನಿಯಾದ ಕರೆನ್ಸಿ ಲಿಯು ಮೊದಲ ಬಾರಿಗೆ ಯೂರೋ ಒಂದಕ್ಕೆ 5ರ ಗೆರೆ ದಾಟಿ ಕುಸಿಯಿತು. ಸಾಲದ ಕಂತು, ಮನೆ ಬಾಡಿಗೆಯನ್ನು ಯೂರೋದಲ್ಲಿ ಲೆಕ್ಕ ಹಾಕುವ ನಗರದ ಮಧ್ಯಮ ವರ್ಗಕ್ಕೆ ರಾಜಕೀಯ ಅಂದು ಜೇಬಿಗೆ ತಟ್ಟಿತು. ಮೇ 8ರ ಟಿವಿ ಚರ್ಚೆಯ ನಂತರ ಸಿಮಿಯೋನ್ ಉಳಿದ ಚರ್ಚೆಗಳನ್ನು ಬಿಟ್ಟು ವಿದೇಶ ಸುತ್ತಿದರು. ಪೋಲೆಂಡಿನಲ್ಲಿ ರಾಷ್ಟ್ರವಾದಿ ಅಧ್ಯಕ್ಷ ಅಭ್ಯರ್ಥಿ ಕರೋಲ್ ನವ್ರೋಟ್ಸ್ಕಿಯ ಸಭೆಯಲ್ಲಿ ಕಾಣಿಸಿಕೊಂಡರು, ಫ್ರಾನ್ಸಿನ ಟಿವಿಯಲ್ಲಿ ಮ್ಯಾಕ್ರೋನ್ ಮೇಲೆ ಹರಿಹಾಯ್ದರು. ಗೆದ್ದಾಯಿತು ಎಂದುಕೊಂಡವನ ನಡೆ ಅದು.

ಮೇ 18ರಂದು ಮತದಾನ ಶೇ 53ರಿಂದ ಶೇ 64.7ಕ್ಕೆ ಏರಿತು. ಎರಡು ವಾರಗಳ ಅಂತರದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೊಸ ಮತಗಳು. ಸಿಮಿಯೋನ್ 38.6 ಲಕ್ಷದಿಂದ 53.4 ಲಕ್ಷಕ್ಕೆ ಏರಿದರು, ಅವರೇನೂ ಕುಸಿಯಲಿಲ್ಲ. ಡಾನ್ 19.8 ಲಕ್ಷದಿಂದ 61.7 ಲಕ್ಷಕ್ಕೆ ಹಾರಿದರು. ಶೇಕಡಾವಾರು 53.6. ವಿದೇಶಗಳ ಒಟ್ಟು ಮತದಲ್ಲಿ ಸಿಮಿಯೋನ್ ಆಗಲೂ ಮುಂದಿದ್ದರು, ಆದರೆ ಅಂತರ ಕುಗ್ಗಿತ್ತು. ರೊಮೇನಿಯಾದ ಪೌರತ್ವವೂ ಇರುವ ನೆರೆಯ ಮಾಲ್ಡೋವಾದ ಮತದಾರರು ಸುಮಾರು ಶೇ 88ರಷ್ಟು ಡಾನ್ ಕಡೆ ನಿಂತರು. ಎರಡೂ ದೇಶಗಳು ಒಂದಾಗಬೇಕು ಎನ್ನುತ್ತ ರಾಜಕೀಯಕ್ಕೆ ಬಂದ ಸಿಮಿಯೋನ್‌ಗೆ ಮಾಲ್ಡೋವಾ ಪ್ರವೇಶವನ್ನೇ ನಿಷೇಧಿಸಿತ್ತು.

ಈ ಅಂಕಿಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೊಸ ಇಪ್ಪತ್ತು ಲಕ್ಷ. ನವೆಂಬರ್‌ನಲ್ಲೂ ಅವರು ಇದ್ದರು, ಮತದಾನದ ಹಕ್ಕು ಅವರಿಗೆ ಆಗಲೂ ಇತ್ತು. 2024ರ ಡಿಸೆಂಬರ್ 8ರ ಸುತ್ತು ನಡೆದಿದ್ದರೆ ಅವರು ಆಗಲೇ ಬರುತ್ತಿದ್ದರೇ? ಲಾಸ್ಕೋನಿ ಗೆಲ್ಲುತ್ತಿದ್ದರೇ? ನ್ಯಾಯಾಲಯ ಆ ಉತ್ತರವನ್ನು ಯಾರಿಗೂ ಸಿಗದಂತೆ ಮಾಡಿತು. ನ್ಯಾಯಾಲಯ ಉಳಿಸಿತು ಎನ್ನುವವರೂ ಕದ್ದಿತು ಎನ್ನುವವರೂ ತಮ್ಮ ತಮ್ಮ ಕಲ್ಪನೆಯ ಡಿಸೆಂಬರ್ 8ನ್ನು ಇಟ್ಟುಕೊಂಡು ವಾದಿಸುತ್ತಿದ್ದಾರೆ.

ಅದೇ ಮೇ 18ರ ಭಾನುವಾರ ಯುರೋಪಿನ ಇನ್ನೆರಡು ಕಡೆಯೂ ಮತದಾನ ನಡೆಯಿತು. ಪೋರ್ಚುಗಲ್‌ನಲ್ಲಿ ಉಗ್ರ ಬಲಪಂಥದ ಶೇಗಾ ಪಕ್ಷ, ವಿದೇಶಿ ಮತಗಳೂ ಸೇರಿ ಎಣಿಸಿದಾಗ, 60 ಸ್ಥಾನಗಳೊಂದಿಗೆ ಸಮಾಜವಾದಿಗಳನ್ನು ಹಿಂದಿಕ್ಕಿತು. ಪೋಲೆಂಡಿನಲ್ಲಿ ಮೊದಲ ಸುತ್ತು. ಜೂನ್ 1ರಂದು ನವ್ರೋಟ್ಸ್ಕಿ ಶೇ 50.89 ಮತದಿಂದ ಅಧ್ಯಕ್ಷರಾದರು. ಈ ಎರಡೂ ದೇಶಗಳಲ್ಲಿ ಯಾವ ನ್ಯಾಯಾಲಯವೂ ಏನನ್ನೂ ರದ್ದು ಮಾಡಿರಲಿಲ್ಲ. ರೊಮೇನಿಯಾದ ಸಿಟ್ಟಿಗೆ ಡಿಸೆಂಬರ್ 6ನ್ನೇ ಮೂಲವೆಂದು ತೋರಿಸುವವರು ಈ ಒಂದು ಭಾನುವಾರವನ್ನು ನೋಡಿದರೆ ಸಾಕು.

ಸಿಮಿಯೋನ್ ಆ ರಾತ್ರಿ ಮೊದಲು ತಾನೇ ಗೆದ್ದೆ ಎಂದರು, ಆಮೇಲೆ ಸೋಲೊಪ್ಪಿದರು, ಎರಡು ದಿನ ಬಿಟ್ಟು ಹೊರದೇಶಗಳ ಹಸ್ತಕ್ಷೇಪದಿಂದ ಚುನಾವಣೆ ಕೆಟ್ಟಿದೆ, ರದ್ದು ಮಾಡಿ ಎಂದು ಸಾಂವಿಧಾನಿಕ ನ್ಯಾಯಾಲಯದ ಬಾಗಿಲು ತಟ್ಟಿದರು. ಐದು ತಿಂಗಳು ಯಾವ ತೀರ್ಪನ್ನು ಕ್ಷಿಪ್ರಕ್ರಾಂತಿ ಎಂದು ಕರೆದಿದ್ದರೋ ಅದನ್ನೇ ಪೂರ್ವನಿದರ್ಶನವಾಗಿ ಹಿಡಿದರು. ಮೇ 22ರಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಒಮ್ಮೆ ತೆರೆದ ಈ ದಾರಿಯಲ್ಲಿ ಮುಂದೆ ಸೋತವರೆಲ್ಲ ನಡೆಯಲು ಯತ್ನಿಸುತ್ತಾರೆ.

ಆಮೇಲೆ

ಡಾನ್ ಮೇ 26ರಂದು ಪ್ರಮಾಣವಚನ ಸ್ವೀಕರಿಸಿದರು, ಜೂನ್‌ನಲ್ಲಿ ಬೊಲೊಜಾನ್ ಪ್ರಧಾನಿಯಾದರು. ಸರಕಾರದಲ್ಲಿ ಸೋಶಿಯಲ್ ಡೆಮಾಕ್ರಟರೂ ಲಿಬರಲ್ಲರೂ ಮತ್ತೆ ಒಟ್ಟಿಗೆ ಇದ್ದರು. ಯುಎಸ್‌ಆರ್ ಮತ್ತು ಹಂಗೇರಿಯನ್ ಅಲ್ಪಸಂಖ್ಯಾತರ ಪಕ್ಷ ಜೊತೆಗೂಡಿದವು. ಯಾವ ಜೋಡಿಯ ಮೇಲಿನ ಸಿಟ್ಟು ಎಲ್ಲವನ್ನೂ ಆರಂಭಿಸಿತೋ ಆ ಜೋಡಿಯಿಲ್ಲದೆ ಸಂಸತ್ತಿನಲ್ಲಿ ಬಹುಮತವೇ ಇರಲಿಲ್ಲ. ಕೊರತೆ ಇಳಿಸಲು ಆಗಸ್ಟ್ 1ರಿಂದ ಮೌಲ್ಯವರ್ಧಿತ ತೆರಿಗೆಯನ್ನು ಶೇ 19ರಿಂದ 21ಕ್ಕೆ ಏರಿಸಲಾಯಿತು.

ಸೆಪ್ಟೆಂಬರ್‌ನಲ್ಲಿ ಪ್ರಾಸಿಕ್ಯೂಟರ್‌ಗಳು ಜಾರ್ಜೆಸ್ಕು ಮತ್ತು ಕೂಲಿ ಸೈನಿಕರ ನಾಯಕನೊಬ್ಬನ ಮೇಲೆ ಸಾಂವಿಧಾನಿಕ ವ್ಯವಸ್ಥೆಯನ್ನು ಬುಡಮೇಲು ಮಾಡುವ ಯತ್ನದ ಆರೋಪ ಹೊರಿಸಿದರು. ಅದರ ಕೇಂದ್ರದಲ್ಲಿರುವುದು ತೀರ್ಪಿನ ನಂತರ ಬುಕಾರೆಸ್ಟ್‌ನಲ್ಲಿ ಗಲಭೆ ಎಬ್ಬಿಸುವ ಸಂಚು. ಆರೋಪ ನಿಜವಿರಬಹುದು, ಸುಳ್ಳಿರಬಹುದು, ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಚುನಾವಣೆ ರದ್ದಾದದ್ದು ಮಾತ್ರ ಆ ಸಂಚಿಗೆ ಮೊದಲು, ಬೇರೆ ಕಾರಣಗಳಿಗೆ. 2025ರ ಶರತ್ಕಾಲದ ಅಭಿಪ್ರಾಯ ಸಮೀಕ್ಷೆಗಳಲ್ಲಿ ಎಯುಆರ್ ಉಳಿದೆಲ್ಲ ಪಕ್ಷಗಳಿಗಿಂತ ಬಹಳ ಮುಂದಿತ್ತು. ಮುಂದಿನ ಸಂಸತ್ ಚುನಾವಣೆ 2028ರಲ್ಲಿ.